ಅರಿಸಿನ ಬಣ್ಣದ ಕಾರಿಗೆ ಎಡಗಡೆ ಬ್ರೇಕಿಲ್ಲ

ಆವತ್ತು ಹರವೆ ರಸ್ತೆಯಲ್ಲಿ ಬ್ರೇಕ್ ತುಳಿದವನು ನಾನು. ನನ್ನ ಮಗಳು ದಾಕ್ಷಾಯಿಣಿ ಅಲ್ಲ.

ಈ ಎರಡು ವಾಕ್ಯ ಬರೆಯುವುದಕ್ಕೆ ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಬರೆದ ಮೇಲೆ ನೋಡಿದರೆ — ಎಷ್ಟು ಸಣ್ಣವು. ಅಂದೇ, ಆ ರಸ್ತೆಯ ಮೇಲೇ, ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಹೇಳಲಿಲ್ಲ. ಸುಮ್ಮನಿದ್ದಿದ್ದರೂ ಒಂದು ಮಾತು. ನಾನು ಸುಮ್ಮನಿರಲಿಲ್ಲ, ಅವಳೇ ತುಳಿದಳು ಎಂದೆ — ಜನ ಸೇರಿದ್ದ ಕಡೆ, ಗಟ್ಟಿಯಾಗಿ, ಅವಳ ಕಡೆ ಬೆರಳು ಮಾಡಿ. ಹತ್ತು ಜನರೆದುರು ಆಡಿದ ಸುಳ್ಳನ್ನು ಮನೆಯೊಳಗೆ ಗುಟ್ಟಾಗಿ ತಿದ್ದಿಕೊಂಡರೆ ಸಾಲದು ಎಂದು ಈಗ ಅನ್ನಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಚಾಮರಾಜನಗರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಹೈಸ್ಕೂಲು ಮುಗಿಸಿ ಲಾರಿ ಹತ್ತಿದವನು ನಾನು. ಅರಿಸಿನದ ಮೂಟೆ ತುಂಬಿಕೊಂಡು ಈರೋಡಿನ ತನಕ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಮನೆಯಲ್ಲಿ ಮಲಗುವ ಆಸೆಯಿಂದ ಒಂದು ಪುಟ್ಟ ಬಿಳಿ ಕಾರು ಕೊಂಡು ಕಲಿಸುವುದಕ್ಕೆ ಕೂತೆ. ಊರಿನಲ್ಲಿ ನನ್ನನ್ನು ಕಾರ್ ಮೇಷ್ಟ್ರು ಅನ್ನುತ್ತಿದ್ದರು. ಆ ಹೆಸರು ನನಗೆ ಇಷ್ಟವಾಗಿತ್ತು. ಬಹಳ ಇಷ್ಟವಾಗಿತ್ತು — ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಕಲಿಸುವ ಕಾರು ಹೇಗಿರುತ್ತದೆ ಎಂದು ತಿಳಿಯದವರಿಗೆ ಒಂದು ಮಾತು. ಕಲಿಯುವವರು ಬಲಗಡೆ, ಸ್ಟೇರಿಂಗ್ ಮುಂದೆ ಕೂರುತ್ತಾರೆ. ಕಲಿಸುವವನು ಎಡಗಡೆ. ಅವನ ಕಾಲಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಎರಡೂ ಪೆಡಲ್‌ಗಳನ್ನು ಒಂದು ಕಬ್ಬಿಣದ ಸರಳು ಕೂಡಿಸಿರುತ್ತದೆ. ನಾನು ನನ್ನ ಕಡೆ ತುಳಿದರೆ, ಅವರ ಕಡೆಯದೂ ತಾನೇ ತಾನಾಗಿ ಕೆಳಕ್ಕೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ದಾಕ್ಷಿ ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಊರಿನ ಇಬ್ಬರು ಮೇಡಮ್‌ಗಳು, ಒಬ್ಬ ನರ್ಸಮ್ಮ, ‘ಹೆಂಗಸರು ಕಲಿಸೋದಾದ್ರೆ ನಾವೂ ಕಲೀತೀವಿ ಮೇಷ್ಟ್ರೆ’ ಎಂದು ಕೇಳಿ ಹೋಗಿದ್ದರು. ದಾಕ್ಷಿ ಅದನ್ನು ಕೇಳಿಸಿಕೊಂಡಳು. ‘ನಂಗೆ ಕಲ್ಸಿ ಅಪ್ಪಾಜಿ. ನಾನು ಅವ್ರಿಗೆ ಕಲ್ಸ್ತೀನಿ’ ಎಂದಳು. ನಾನು ಕಲಿಸಿದೆ. ಅವಳಷ್ಟು ಚೆನ್ನಾಗಿ ಕಲಿತವರು ನನ್ನಲ್ಲಿ ಬೇರೆ ಯಾರೂ ಇಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸುವಳು, ತಿರುವಿನೊಳಗೆ ಗಾಬರಿಯಾಗಳು. ಇದನ್ನು ನಾನು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಹೊಗಳಿದರೆ ಕೆಡುತ್ತಾರೆ ಎಂದು ನಂಬಿದ್ದ ಕಾಲದವನು ನಾನು.

ಲೈಸೆನ್ಸಿನ ಪರೀಕ್ಷೆಗೆ ಇನ್ನೇನು ಹೋಗಬೇಕು, ಅಷ್ಟರಲ್ಲಿ ಅದು ನಡೆಯಿತು. ಹುರುಳಿ ಕಿತ್ತ ಕಾಲ. ನಮ್ಮ ಕಡೆ ಆ ದಿನಗಳಲ್ಲಿ ಟಾರು ರಸ್ತೆಯೇ ಕಣ. ಒಣಗಿದ ಹುರುಳಿ ಗಿಡಗಳನ್ನು ರಸ್ತೆಯುದ್ದಕ್ಕೂ ಹರವಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಚಕ್ರ ಹಾಯ್ದು ಕಾಯಿ ಒಡೆದು ಕಾಳು ಉದುರುತ್ತದೆ. ಮನೆಯವರು ಪಕ್ಕದಲ್ಲಿ ಕೂತಿದ್ದು ಆಗಾಗ ಎದ್ದು ಮಗುಚಿ ಹಾಕುತ್ತಾರೆ. ಅದರ ಮೇಲೆ ಗಾಡಿ ಓಡಿಸುವುದಕ್ಕೆ ಒಂದು ಕ್ರಮವಿದೆ. ಹುರುಳಿಯ ಮೇಲೆ ಬ್ರೇಕ್ ತುಳಿಯಬಾರದು. ಚಕ್ರ ನಿಂತರೂ ಗಾಡಿ ನಿಲ್ಲುವುದಿಲ್ಲ, ಎಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತದೆ. ಮುಂಚೆಯೇ ಗೇರು ಇಳಿಸಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಗಾಡಿಯನ್ನು ಅದರ ಪಾಡಿಗೆ ಹೋಗಗೊಡಬೇಕು. ನಾನು ಕಲಿಸಿದವರಿಗೆಲ್ಲ ಮೊದಲ ವಾರದಲ್ಲೇ ಹೇಳುತ್ತಿದ್ದ ಪಾಠ ಇದು.

ಆ ದಿನ ಎದುರಿನಿಂದ ಬಂದ ಬಸ್ಸಿನ ಡ್ರೈವರು ನನಗೆ ಗುರುತಿನವನು. ಕಿಟಕಿಯಿಂದ ತಲೆ ಹಾಕಿ, ‘ಏನ್ಲಾ ಮೇಷ್ಟ್ರೇ, ನೀನು ಸೀರೆ ಉಟ್ಕಂಡು ಪಕ್ದಲ್ಲಿ ಕೂತ್ಕಬುಟ್ಟಾ?’ ಎಂದು ಕೂಗಿ, ಹಾರ್ನ್ ಹೊಡೆದು ಹೋದ. ದಾಕ್ಷಿ ನಕ್ಕಳು. ನಾನು ನಗಲಿಲ್ಲ. ಮೈ ಬಿಸಿಯಾಗಿತ್ತು.

ಮುಂದೆ ಹುರುಳಿ. ಎಡ ಅಂಚಿನಲ್ಲಿ ಒಬ್ಬ ಮುದುಕಿ, ನಮ್ಮ ಕಡೆ ಬೆನ್ನು ಮಾಡಿ ಗಿಡ ಮಗುಚುತ್ತಿದ್ದಳು. ದಾಕ್ಷಿ ಅವಳನ್ನು ದೂರದಿಂದಲೇ ನೋಡಿದ್ದಳು. ಗೇರು ಇಳಿಸಿದಳು, ಸ್ವಲ್ಪ ಬಲಕ್ಕೆ ಹಿಡಿದಳು, ಕಾಲು ತೆಗೆದಳು. ಎಲ್ಲವೂ ಸರಿಯಾಗಿತ್ತು — ನಾನು ಕಲಿಸಿದ ಹಾಗೇ. ಆದರೆ ನನ್ನ ಕಾಲಿಗೆ ಅವಳ ಮೇಲೆ ನಂಬಿಕೆ ಇರಲಿಲ್ಲ. ಆ ಮುದುಕಿಯ ಬೆನ್ನು ಹತ್ತಿರ ಬರುವುದನ್ನು ನೋಡುತ್ತ ನೋಡುತ್ತ — ನಾನು ಬ್ರೇಕನ್ನು ಪೂರ್ತಿ ತುಳಿದುಬಿಟ್ಟೆ.

ಕಾರು ಎಡಕ್ಕೆ ಜಾರಿತು. ಮುದುಕಿ ಬೆದರಿ ಚರಂಡಿಗೆ ನೆಗೆದಳು. ಕಾರು ಹುಣಸೆಮರಕ್ಕೆ ಮೂತಿ ತಾಗಿಸಿ ನಿಂತಿತು. ಮುದುಕಿಯ ಕೈ ಮುರಿದಿತ್ತು.

ಹೊಲದಿಂದ, ಅತ್ತಿತ್ತಲಿಂದ ಜನ ಓಡಿ ಬಂದರು. ‘ಯಾರ್ಲಾ ಓಡುಸ್ತಿದ್ದೋರು?’ ಎಂದರು. ‘ಈ ಹೆಣ್ಮಗೀನಾ? ಮೇಷ್ಟ್ರು ಪಕ್ದಲ್ ಕೂತ್ಕಂಡು ಏನ್ ಕಳ್ಳೇಕಾಯಿ ತಿಂತಿದ್ರಾ?’

‘ಹೊಸ್ಬಳು ಕಣಪ್ಪ’ ಎಂದೆ ನಾನು, ಅವಳ ಕಡೆ ಬೆರಳು ಮಾಡಿ. ‘ಹುರುಳಿ ಮ್ಯಾಲೆ ಬ್ರೇಕ್ ತುಳುದ್ಬುಟ್ಲು.’

ಆ ಕ್ಷಣಕ್ಕೆ ನನಗೊಂದು ನೆಪ ಇತ್ತು. ಮುದುಕಿಯ ಕಡೆಯ ಗಂಡಸರು ಕೈ ಮಾಡಲು ಬಂದಿದ್ದರು. ಹುಡುಗಿ ಅಂದರೆ ಬಿಡುತ್ತಾರೆ ಎಂದುಕೊಂಡೆ. ಬಿಟ್ಟರು ಕೂಡ. ಆದರೆ ಆ ನೆಪ ಆ ರಸ್ತೆಯ ಮೇಲೇ ಮುಗಿಯಿತು. ಸಂಜೆ, ಗ್ಯಾರೇಜಿನಲ್ಲಿ, ನಾವಿಬ್ಬರೇ ಇದ್ದಾಗ ದಾಕ್ಷಿ ಕೇಳಿದಳು:

‘ಅಪ್ಪಾಜಿ, ನೀವು ತುಳುದ್ರಾ?’

ಅಲ್ಲಿ ಕೈ ಮಾಡುವವರು ಯಾರೂ ಇರಲಿಲ್ಲ. ಕೇಳುತ್ತಿದ್ದವಳು ನನ್ನ ಮಗಳು. ಆದರೆ ಹುರುಳಿಯ ಮೇಲೆ ಬ್ರೇಕ್ ತುಳಿದ ಮೇಷ್ಟ್ರು ಅನ್ನಿಸಿಕೊಳ್ಳುವುದು — ಆ ಬಸ್ ಡ್ರೈವರಿನ ಬಾಯಿಗೆ ಬೀಳುವುದು —

‘ಇಲ್ಲ ಕಣಮ್ಮಿ. ನನ್ ಕಾಲು ಪೆಡಲ್ ಮೇಲೆ ಇರ್ಲೇ ಇಲ್ಲ.’

ಅವಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡಳು. ಬ್ರೇಕಿನ ಮೇಲೆ ಸುಮ್ಮನೆ ಇಟ್ಟಿದ್ದ ತನ್ನ ಕಾಲಿನ ಕೆಳಗೆ ಪೆಡಲ್ ಕುಸಿದದ್ದು ಅವಳಿಗೆ ಗೊತ್ತಾಗಿತ್ತು. ಅಪ್ಪ ತುಳಿದಿಲ್ಲ ಅಂದ ಮೇಲೆ ತಾನೇ ತುಳಿದಿರಬೇಕು. ಅವಳ ಲೆಕ್ಕ ಅಷ್ಟು ಸರಳವಾಗಿತ್ತು. ಅವಳು ಮತ್ತೆ ನನ್ನನ್ನು ಆ ಪ್ರಶ್ನೆ ಕೇಳಲಿಲ್ಲ.

ಅವಳು ಲೈಸೆನ್ಸಿನ ಪರೀಕ್ಷೆಗೆ ಹೋಗಲಿಲ್ಲ. ನರ್ಸಮ್ಮನಿಗೆ ನಾನೇ ಏನೋ ಒಂದು ಹೇಳಿ ಕಳಿಸಿದೆ. ಆ ಮುದುಕಿ — ಅವಳ ಹೆಸರು ದೇವಮ್ಮ — ಹರವೆಯವಳು. ಕೈ ಕೂಡುವ ತನಕ ದಾಕ್ಷಿ ವಾರವಾರ ಬಸ್ಸಿನಲ್ಲಿ ಅಲ್ಲಿಗೆ ಹೋದಳು. ಮುದುಕಿಯ ತಲೆ ಬಾಚಿ, ಬಟ್ಟೆ ಒಗೆದು, ಮುದ್ದೆ ಮುರಿದು ಬಾಯಿಗಿಟ್ಟು ಬರುವಳು. ‘ಬುಡು ಕಣವ್ವ, ಕೈ ತಾನೇ, ತಲೆ ಅಲ್ವಲ್ಲ’ ಅಂದಳಂತೆ ದೇವಮ್ಮ. ನಾನು ಮಾಡಿದ್ದಕ್ಕೆ ನನ್ನ ಮಗಳು ಪ್ರಾಯಶ್ಚಿತ್ತ ಮಾಡಿಕೊಂಡು ಬರುತ್ತಿದ್ದಳು. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದವನು ನಾನೇ. ಕಾರಿನಲ್ಲಿ. ಅವಳು ಹಿಂದಿನ ಸೀಟಿನಲ್ಲಿ.

ಆಮೇಲೆ ಅವಳು ಯಾವ ಕಾರಿನಲ್ಲೂ ಮುಂದೆ ಕೂರಲಿಲ್ಲ. ಗುಂಡ್ಲುಪೇಟೆಗೆ ಮದುವೆ ಮಾಡಿಕೊಟ್ಟೆವು. ಅಳಿಯ ಶಿವಕುಮಾರ ಒಳ್ಳೆಯವನು. ಅವನೇ ಎಷ್ಟೋ ಸಲ, ‘ಬಾ, ನಾನ್ ಹೇಳ್ಕೊಡ್ತೀನಿ’ ಎಂದ. ‘ನನ್ ಕಾಲು ಸರಿ ಇಲ್ಲ’ ಎಂದುಬಿಡುವಳು. ಕಾಲಿಗೆ ಏನೂ ಆಗಿರಲಿಲ್ಲ. ಗಂಡ ಕೆಲಸಕ್ಕೆ ಹೋದಾಗ ಮಗುವಿಗೆ ಜ್ವರ ಬಂದರೆ, ಮನೆಯ ಮುಂದೆ ಕಾರು ನಿಂತಿರುವಾಗಲೇ ಮಗುವನ್ನು ಸೆರಗಿನಲ್ಲಿ ಸುತ್ತಿ ಬಸ್ಸಿಗೆ ಕಾದಿದ್ದಾಳೆ. ಕಾರಿನೊಳಗೆ ಕೂತರೂ ಕಾಲುಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು ಕೂರುವಳು — ಎಲ್ಲಿ ತಾವಾಗಿಯೇ ಏನಾದರೂ ಮಾಡಿಬಿಡುತ್ತವೋ ಎನ್ನುವ ಹಾಗೆ. ಇದನ್ನೆಲ್ಲ ನಾನು ನೋಡಿದೆ. ನೋಡುತ್ತಲೇ ಇದ್ದೆ. ಹೇಳಲು ಬಾಯಿಗೆ ಬಂದದ್ದು ಎಷ್ಟು ಸಲವೋ — ಪ್ರತಿ ಸಲವೂ, ಇಷ್ಟು ದಿನ ಆದ ಮೇಲೆ ಯಾಕೆ, ಅವಳೂ ಮರೆತಿರಬಹುದು, ಎಂದು ನುಂಗಿಕೊಂಡೆ. ಅವಳು ಮರೆತಿರಲಿಲ್ಲ. ನನಗೆ ಅದು ಗೊತ್ತಿತ್ತು.

ಶಿವಕುಮಾರನಿಗೆ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವರು ಚಾಮರಾಜನಗರಕ್ಕೆ ಬಂದರು. ನನ್ನ ಹೆಂಡತಿ ತೀರಿಹೋದ ಮೇಲೆ, ಸ್ಕೂಲು ಮುಚ್ಚಿ ನಾನೂ ಅವರ ಜೊತೆಗೇ ಇದ್ದೇನೆ. ಮೊಮ್ಮಗಳು ಸಿಂಚನ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ. ಬಾಯಿ ಜೋರು. ಗೆಳತಿಯೊಬ್ಬಳಿಂದ ಹಳೆಯದೊಂದು ಆಟದ ಯಂತ್ರ ತಂದು ಟೀವಿಗೆ ಸಿಕ್ಕಿಸಿದಳು. ನಾನು ಅದನ್ನು ಹುಡುಗರ ಗಲಾಟೆ ಎಂದುಕೊಂಡು ನನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಕಳೆದ ಆಯುಧಪೂಜೆಯ ದಿನ. ಅಳಿಯನ ಕಾರು, ಸಿಂಚನಳ ಸ್ಕೂಟರು ತೊಳೆದು, ವಿಭೂತಿ ಎಳೆದು, ಹೂವು ಮುಡಿಸಿ, ಚಕ್ರಕ್ಕೊಂದೊಂದು ನಿಂಬೆಹಣ್ಣು ಇಟ್ಟು ಹಾಯಿಸಿ ಆಗಿತ್ತು. ಸಿಂಚನ ಬಂದು ನನ್ನ ಕೈ ಹಿಡಿದು ಎಳೆದಳು.

‘ತಾತ, ಇನ್ನೊಂದ್ ಕಾರ್ ಬಾಕಿ ಅದೆ ಬಾ. ಅಮ್ಮನ್ ಕಾರು.’

‘ನಿಮ್ಮಮ್ಮನಿಗೆ ಯಾವ್ ಕಾರ್ ಕಣಮ್ಮಿ?’

ಟೀವಿಯ ಮುಂದೆ ಕರೆದುಕೊಂಡು ಹೋದಳು. ಪರದೆಯ ಮೇಲೆ ಒಂದು ಕಾರು ನಿಂತಿತ್ತು. ನಾನು ಜೀವಮಾನವೆಲ್ಲ ಗಾಡಿ ನೋಡಿದವನು, ಅಂಥದ್ದನ್ನು ನೋಡಿರಲಿಲ್ಲ. ಮೊಣಕಾಲೆತ್ತರ. ಹಿಂದೆ ಗರುಡನ ರೆಕ್ಕೆಯ ಹಾಗೆ ಒಂದು ಹಲಗೆ. ಇಂಜಿನ್ನು ಮುಂದಲ್ಲ, ಡ್ರೈವರಿನ ಬೆನ್ನ ಹಿಂದೆ. ರೇಸಿನ ಮೈದಾನಕ್ಕೆಂದೇ ಹುಟ್ಟಿದ್ದನ್ನು ಹಿಡಿದು ತಂದು, ನಂಬರ್ ಪ್ಲೇಟ್ ಹೊಡೆದು, ಹೋಗು ಎಂದು ರಸ್ತೆಗೆ ಬಿಟ್ಟ ಹಾಗಿತ್ತು. ಬಣ್ಣ ನಮ್ಮ ಮಂಡಿಯಲ್ಲಿ ಮೂಟೆ ಬಿಚ್ಚಿದಾಗ ಕಾಣುವ ಅರಿಸಿನದ್ದೇ. ನಂಬರ್ ಪ್ಲೇಟಿನಲ್ಲಿ ನಮ್ಮ ಜಿಲ್ಲೆಯ ಕೆಎ ಹತ್ತು.

‘ಬಣ್ಣ ಅಮ್ಮಂದೇ ಆಯ್ಕೆ. ದಿನಾ ಮಧ್ಯಾಹ್ನ ನಾವ್ಯಾರೂ ಇಲ್ದಾಗ ಓಡುಸ್ತಾಳೆ ತಾತ. ನಂಗಿಂತ ಮುಂದೆ ಅವ್ಳೆ. ಕಳ್ಳಿ.’

ದಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಚಿಕೊಂಡಳು. ನಲವತ್ತು ದಾಟಿದವಳು. ಅಷ್ಟು ನಾಚಿಕೊಂಡದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಸರಿ, ಪೂಜೆ ಅಂದರೆ ಪೂಜೆ. ಟೀವಿಗೆ ಹೂವು ಇಟ್ಟೆ. ವಿಭೂತಿಯ ಬೆರಳು ಪರದೆಯ ಕಡೆ ಹೋದಾಗ ದಾಕ್ಷಿ, ‘ಅಯ್ಯೋ, ಗಾಜಿಗೆ ಬಳೀಬೇಡಿ ಅಪ್ಪಾಜಿ!’ ಎಂದು ಓಡಿ ಬಂದಳು. ಅಂಚಿನ ಪ್ಲಾಸ್ಟಿಕ್ಕಿಗೆ ಮೂರು ಗೆರೆ ಎಳೆದೆ. ನಿಂಬೆಹಣ್ಣು ಎಲ್ಲಿಡುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಟೀವಿಯ ಮುಂದೆ ಸಾಲಾಗಿ ಇಟ್ಟೆವು. ‘ಅಮ್ಮ, ಮುಂದಕ್ ಬುಡು, ಅಪ್ಪಚ್ಚಿ ಆಗ್ಲಿ’ ಎಂದಳು ಸಿಂಚನ. ದಾಕ್ಷಿ ಕಾರು ಓಡಿಸುವ ಗುಂಡಿಗಳಿದ್ದ ಆ ಕೈಯಂತ್ರ ಹಿಡಿದು ಕಾರು ಮುಂದಕ್ಕೆ ಬಿಟ್ಟಾಗ ಶಿವಕುಮಾರ ನಗುತ್ತ ಹಿಮ್ಮಡಿಯಲ್ಲಿ ನಿಂಬೆಹಣ್ಣು ಒತ್ತಿ ಒಡೆದ. ಮನೆಯೆಲ್ಲ ನಗು.

ನಾನು ಅಲ್ಲೇ ಕೂತೆ. ನೋಡೋಣ ಎಂದು.

ಆ ಆಟದಲ್ಲಿ ಗೆಲ್ಲಲೇಬೇಕೆಂಬ ಕಟ್ಟಳೆ ಇಲ್ಲವಂತೆ. ಒಂದು ಇಡೀ ನಾಡೇ ಇದೆ — ಬೆಟ್ಟ, ಸಮುದ್ರದ ದಂಡೆ, ಹೊಲ, ಊರು, ಕಾಡು. ಯಾವ ದಾರಿ ಬೇಕೋ ಆ ದಾರಿ ಹಿಡಿಯಬಹುದು. ದಾಕ್ಷಿ ಬೆಟ್ಟದ ದಾರಿ ಹಿಡಿದಳು. ಆ ಅರಿಸಿನದ ಕಾರು ಹುಲಿಯ ಹಾಗೆ ಗುರುಗುಡುತ್ತಿತ್ತು. ಅವಳು ಅದನ್ನು ಹಸುವಿನ ಹಾಗೆ ನಡೆಸುತ್ತಿದ್ದಳು. ತಿರುವಿಗೆ ಮುಂಚೆಯೇ ವೇಗ ಇಳಿಸುವಳು. ತಿರುವಿನೊಳಗೆ ಗಾಬರಿಯಿಲ್ಲ. ಹೊರಕ್ಕೆ ಬರುವಾಗ ಮಾತ್ರ ಪೂರ್ತಿ ಬಿಡುವಳು, ಇಂಜಿನ್ನು ಕೂಗಿಕೊಳ್ಳುವುದು. ಅದೇ ಓಟ. ಇಪ್ಪತ್ತು ವರ್ಷದ ಹಿಂದೆ ನನ್ನ ಬಲಗಡೆ ಕೂತಿದ್ದ ಹುಡುಗಿಯ ಓಟ. ಎಲ್ಲೂ ಹೋಗಿರಲಿಲ್ಲ ಅದು, ಅವಳೊಳಗೇ ಇತ್ತು.

ಒಂದು ಕಡೆ ಸುಮ್ಮನೆ ವೇಗ ಕಡಿಮೆಯಾಯಿತು. ದಾಕ್ಷಿ ಹುಬ್ಬು ಗಂಟಿಕ್ಕಿದಳು.

‘ಸಿಂಚೂ, ಇದು ತಾನೇ ಬ್ರೇಕ್ ಹಾಕ್ಕತದೆ ಕಣಮ್ಮಿ. ನಾನ್ ಹಾಕ್ನಿಲ್ಲ.’

‘ಅದು ಅಸಿಸ್ಟು ಕಣಮ್ಮ. ಹೊಸ್ಬರು ಗುದ್ದುಬುಡ್ತಾರೆ ಅಂತ ಅದೇ ಹಾಕ್ತದೆ. ತೆಗೀಲಾ?’

‘ತೆಗ್ದಾಕು. ಬ್ಯಾಡ ನಂಗೆ.’ ಆಮೇಲೆ ಸ್ವಲ್ಪ ನಕ್ಕು, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: ‘ಆವತ್ತೂ ನಂಗೆ ಹಿಂಗೇ ಅನ್ಸಿತ್ತು. ನಾನ್ ಹಾಕ್ದಿದ್ರೂ ಬ್ರೇಕ್ ಬಿತ್ತು ಅಂತ. ಆದ್ರೆ ಆ ಕಾರಲ್ಲಿ ಎಲ್ಲಿತ್ತು ಅಸಿಸ್ಟು?’

ಆ ಕಾರಿನಲ್ಲಿ ಅಸಿಸ್ಟು ಇತ್ತು. ಎಡಗಡೆಯ ಸೀಟಿನಲ್ಲಿ ಕೂತಿತ್ತು. ಈಗ ಅವಳ ಹಿಂದೆ, ಕುರ್ಚಿಯ ಮೇಲೆ, ಕೈಯಲ್ಲಿ ಸಿಹಿಯ ತಟ್ಟೆ ಹಿಡಿದು ಕೂತಿತ್ತು.

ಆಗಲೂ ಹೇಳಲಿಲ್ಲ ನಾನು. ಹಬ್ಬದ ದಿನ ಬೇಡ ಎಂದುಕೊಂಡೆ. ನೋಡಿ, ಸುಳ್ಳಿಗೆ ಎಷ್ಟು ನೆಪಗಳು ತಾವಾಗಿ ಬಂದು ಸಾಲಿನಲ್ಲಿ ನಿಲ್ಲುತ್ತವೆ.

ಹೇಳಿಸಿದ್ದು ಸಿಂಚನ. ಅವಳಿಗೆ ತಿಳಿಯದೆಯೇ. ಹದಿನೆಂಟು ತುಂಬಿತ್ತು, ಕಾರು ಕಲಿಯುತ್ತೇನೆ ಎಂದು ಹಠ ಹಿಡಿದಳು. ಎಲ್ಲದಕ್ಕೂ ಮಗಳ ಕಡೆ ನಿಲ್ಲುವ ದಾಕ್ಷಿ ಇದಕ್ಕೆ ಮಾತ್ರ ಒಪ್ಪಲಿಲ್ಲ.

‘ಟೀವಿಲಿ ಓಡುಸ್ತಿಯಲ್ಲ, ಸಾಕು.’

‘ನೀನೂ ಟೀವಿಲಿ ಅಷ್ಟ್ ಚೆನ್ನಾಗ್ ಓಡುಸ್ತಿಯ, ಬೀದೀಲಿ ಯಾಕಮ್ಮ ಓಡ್ಸಲ್ಲ?’

‘ಅಲ್ಲಿ ಯಾರೂ ಚರಂಡಿಗೆ ಬೀಳಲ್ಲ ಕಣಮ್ಮಿ’ ಎಂದಳು ದಾಕ್ಷಿ. ಸಿಟ್ಟಿರಲಿಲ್ಲ ದನಿಯಲ್ಲಿ. ‘ನನ್ ಕಾಲು ನಂಗೇ ಗೊತ್ತಿಲ್ದಂಗೆ ಒಬ್ಬ ಮುದುಕಿ ಕೈ ಮುರೀತು. ನೀನ್ ನನ್ ಮಗ್ಳು. ನಂಗೆ ಭಯ ಆಯ್ತದೆ.’

ಸಿಂಚನ ತನ್ನ ಕಾಲು ನೋಡಿಕೊಂಡಳು. ಅವಳಮ್ಮ ಅಂದು ಗ್ಯಾರೇಜಿನಲ್ಲಿ ನೋಡಿಕೊಂಡಂತೆಯೇ. ನಾನು ಆಡಿದ ಒಂದು ಸುಳ್ಳು ಮಗಳನ್ನು ದಾಟಿ ಮೊಮ್ಮಗಳ ಕಾಲಿಗೆ ಸುತ್ತಿಕೊಳ್ಳುವುದನ್ನು ಎದುರಿಗೇ ಕಂಡೆ.

ಮರುದಿನ ಮಧ್ಯಾಹ್ನ ದಾಕ್ಷಿ ಒಬ್ಬಳೇ ಆಡುತ್ತಿದ್ದಾಗ ಹೋಗಿ ಹಿಂದೆ ನಿಂತೆ. ಸಮುದ್ರದ ಮೇಲಿನ ಬೆಟ್ಟದ ದಾರಿ. ಅವಳು ಹುಷಾರಾಗಿ ಇಳಿಯುತ್ತಿದ್ದಳು.

‘ದಾಕ್ಷಿ, ಆ ಕಾರಲ್ಲಿ ಅಸಿಸ್ಟು ಇತ್ತು ಕಣಮ್ಮಿ’ ಎಂದೆ. ‘ನಾನು. ಹುರುಳಿ ಮೇಲೆ ಬ್ರೇಕ್ ತುಳ್ದೋನು ನಾನು. ನೀನು ಸರಿಯಾಗೇ ಓಡುಸ್ತಿದ್ದೆ. ನಿನ್ನ ಕಾಲು ತುಳೀಲಿಲ್ಲ.’

ಅವಳು ತಿರುಗಲಿಲ್ಲ. ಬೆರಳು ಹಾಗೇ ಒತ್ತಿಕೊಂಡಿತ್ತು. ಅರಿಸಿನದ ಕಾರು ತಿರುವಿನಲ್ಲಿ ತಿರುಗದೆ, ನೆಟ್ಟಗೆ ಹೋಗಿ, ತಡೆಗೋಡೆ ಮುರಿದು ಹಳ್ಳಕ್ಕೆ ಬಿದ್ದು ಮಗುಚಿಕೊಂಡಿತು. ಅಲ್ಲೊಂದು ಸೌಕರ್ಯ ಇದೆ — ಒಂದು ಗುಂಡಿ ಒತ್ತಿದರೆ ಆದದ್ದೆಲ್ಲ ಹಿಂದಕ್ಕೆ ಸುತ್ತಿಕೊಂಡು, ಬೀಳುವುದಕ್ಕೆ ಮುಂಚಿನ ಜಾಗಕ್ಕೆ ಕಾರು ಬಂದು ನಿಲ್ಲುತ್ತದೆ. ಒತ್ತಬೇಕೋ ಬೇಡವೋ ಎಂದು ಪರದೆ ಕೇಳುತ್ತಿತ್ತು. ಅವಳು ಒತ್ತಲಿಲ್ಲ.

‘ನಾನ್ ಕೇಳಿದ್ದೆ ನಿಮ್ನ’ ಎಂದಳು.

‘ಹೂಂ.’

‘ಒಂದ್ ಸಲ ಕೇಳಿದ್ದೆ. ಮತ್ತೆ ಕೇಳ್ನಿಲ್ಲ. ನೀವ್ ಸುಳ್ಳು ಹೇಳೋರಲ್ಲ ಅಂತ.’

‘ಹೇಳ್ದೆ ಕಣಮ್ಮಿ’ ಎಂದೆ.

‘ದೇವಮ್ಮನ್ ತಲೆ ಬಾಚ್ತಿದ್ದೆ ನಾನು’ ಎಂದಳು. ಅಷ್ಟೇ. ಎದ್ದು ಒಳಗೆ ಹೋದಳು. ಸಂಜೆ ಸಿಂಚನ ಬಂದು, ‘ಯಾರಿದು, ಕಾರ್ನ ಹಳ್ಳದಲ್ಲೇ ಬುಟ್ಟೋಗಿರೋರು?’ ಎಂದು ಕೂಗಿದಳು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅವಳು ನನಗೆ ಊಟ ಇಟ್ಟಳು, ಕಾಫಿ ಕೊಟ್ಟಳು. ಇನ್ನೊಂದು ಮುದ್ದೆ ಬೇಕಾ ಎಂದು ಕೇಳಲಿಲ್ಲ. ಅಪ್ಪಾಜಿ ಎನ್ನಲಿಲ್ಲ, ‘ಊಟ ಇಟ್ಟದೆ’ ಎಂದು ಗೋಡೆಗೆ ಹೇಳುವಳು. ನಾನು ಕ್ಷಮೆ ಕೇಳಿದೆ. ‘ಕೇಳಿಸ್ತು’ ಎಂದಳು. ಅದಕ್ಕಿಂತ ಹೆಚ್ಚನ್ನು ಕೇಳುವ ಹಕ್ಕು ನನಗಿರಲಿಲ್ಲ.

ಒಂದು ದಿನ ಶಿವಕುಮಾರ ಷಿಫ್ಟು ಮುಗಿಸಿ ಬಂದವನು ನನ್ನ ಪಕ್ಕ ಕೂತು ತಗ್ಗಿದ ದನಿಯಲ್ಲಿ, ‘ಮಾವ, ನಿಮ್ ಮಗ್ಳು ಎಲ್ ಬೋರ್ಡ್ ಹಾಕ್ಕಂಡವ್ಳೆ. ಮೊಮ್ಮಗ್ಳೂ ಜೊತೆಗವ್ಳೆ’ ಎಂದ. ಊರಿನಲ್ಲಿ ಈಗ ಇನ್ನೊಂದು ಡ್ರೈವಿಂಗ್ ಸ್ಕೂಲ್ ಇದೆ. ಅಲ್ಲಿ ಕಲಿಸುವವಳು ಒಬ್ಬ ಹುಡುಗಿ. ದಾಕ್ಷಿ ಆಗಬೇಕಾಗಿದ್ದದ್ದು ಅದೇ. ತಾಯಿ ಮಗಳು ಇಬ್ಬರೂ ಅವಳ ಹತ್ತಿರ ಕಲಿತರು. ಮನೆಯಲ್ಲೇ ಕೂತಿದ್ದ ಕಾರ್ ಮೇಷ್ಟ್ರನ್ನು ಒಂದು ಮಾತೂ ಕೇಳಲಿಲ್ಲ. ಸಂಕಟವಾಯಿತು. ಆದರೆ ಸಂಜೆ ಸಂಜೆ ಅಡುಗೆಮನೆಯಿಂದ ಕೇಳುತ್ತಿದ್ದ ಅವರಿಬ್ಬರ ಜಗಳ — ‘ಅಮ್ಮ, ನೀನ್ ಇಂಡಿಕೇಟರ್ ಹಾಕ್ಲೇ ಇಲ್ಲ!’ ‘ನೀನ್ ಮೊದ್ಲು ಗೇರ್ ನೋಡ್ಕಳೇ, ಕತ್ತೆ!’ — ಅದನ್ನು ಕೇಳಿಸಿಕೊಳ್ಳಲೆಂದೇ ನಾನು ಕೋಣೆಯ ಬಾಗಿಲು ತೆರೆದಿಡುತ್ತಿದ್ದೆ.

ಇಬ್ಬರಿಗೂ ಲೈಸೆನ್ಸ್ ಬಂತು. ಮತ್ತೆ ಹುರುಳಿ ಕೀಳುವ ಕಾಲವೂ ಬಂತು. ಒಂದು ಬೆಳಿಗ್ಗೆ ದಾಕ್ಷಿ ಕಾರಿನ ಬೀಗದ ಕೈ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

‘ಹರವೆಗೆ ಹೋಗ್ಬೇಕು. ದೇವಮ್ಮ ಇಲ್ಲ ಈಗ, ಅವ್ರ ಮಗ ಅವ್ರೆ. ಅವ್ರಿಗೆ ಹೇಳ್ಬೇಕು. ನೀವೇ ಹೇಳ್ಬೇಕು. ನಾನ್ ಕರ್ಕಂಡೋಗ್ತೀನಿ.’

ನಾನು ಅಂಗಿ ಹಾಕಿಕೊಂಡು ಹೊರಟೆ. ಹಿಂದಿನ ಬಾಗಿಲು ತೆರೆಯಲು ಹೋದೆ. ‘ಮುಂದೆ ಕೂತ್ಕಳಿ’ ಎಂದಳು. ಅಳಿಯನ ಕಾರಿನಲ್ಲಿ ಎಡಗಡೆ ಬ್ರೇಕ್ ಇಲ್ಲ, ನನಗೆ ಗೊತ್ತು, ಅವಳಿಗೂ ಗೊತ್ತು. ಆದರೂ ನಾನು ಚಪ್ಪಲಿ ಹೊರಗೇ ಬಿಟ್ಟು, ಎರಡೂ ಕಾಲು ಮೇಲಕ್ಕೆಳೆದುಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿ ನೋವು. ಬೆಲ್ಟು ಸರಿಯಾಗಿ ಸಿಗಲಿಲ್ಲ. ಅವಳೇ ಬಗ್ಗಿ ಹಾಕಿದಳು.

‘ಏನ್ ಅಪ್ಪಾಜಿ, ಪಂಕ್ತೀಲಿ ಊಟಕ್ ಕೂತಂಗೆ?’

ಎಷ್ಟೋ ದಿನದ ಮೇಲೆ ಬಂದ ಅಪ್ಪಾಜಿ ಅದು.

‘ಕಾಲು ಎಲ್ಲಿ ಅವೆ ಅಂತ ನಿಂಗೆ ಕಾಣ್ಲಿ ಕಣಮ್ಮಿ.’

ಅವಳು ನಗಲಿಲ್ಲ. ಕಾರು ಚಾಲೂ ಮಾಡಿದಳು. ಊರು ದಾಟಿ, ಹರವೆಯ ದಾರಿ ಹಿಡಿದು ಹೊರಟೆವು. ಅವಳು ಗಾಬರಿಯಾಗಿರಲಿಲ್ಲ, ತುಟಿ ಮಾತ್ರ ಬಿಗಿಯಾಗಿತ್ತು. ಹುಣಸೆಮರಗಳಲ್ಲಿ ಎಷ್ಟನ್ನೋ ರಸ್ತೆ ಅಗಲ ಮಾಡುವಾಗ ಕಡಿದಿದ್ದಾರೆ. ಆ ಮರ ಯಾವುದೆಂದು ನಾನು ಹುಡುಕಿದೆ, ಸಿಗಲಿಲ್ಲ.

ಹುರುಳಿ ಸಿಕ್ಕಿತು. ರಸ್ತೆಯ ಅರ್ಧಕ್ಕೆ ಹರವಿದ್ದರು. ಅಂಚಿನಲ್ಲಿ ಇಬ್ಬರು ಹೆಂಗಸರು. ನನ್ನ ಬಲಗಾಲು — ಹೇಳಲೇಬೇಕು ಇದನ್ನು — ಮಡಚಿಕೊಂಡಿದ್ದರೂ, ತುಳಿಯುವುದಕ್ಕೆ ಏನೂ ಇಲ್ಲದಿದ್ದರೂ, ಒಮ್ಮೆ ಎಳೆಯಿತು. ಎರಡೂ ಕೈಯಲ್ಲಿ ಪಾದ ಹಿಡಿದುಕೊಂಡೆ. ದಾಕ್ಷಿ ಗೇರು ಇಳಿಸಿದಳು. ಸ್ವಲ್ಪ ಬಲಕ್ಕೆ ಹಿಡಿದಳು. ಕಾಲು ತೆಗೆದಳು. ಕಾರು ತನ್ನ ಪಾಡಿಗೆ ತಾನು ಹುರುಳಿಯ ಮೇಲೆ ಹೋಯಿತು. ಚಕ್ರದ ಕೆಳಗೆ ಕಾಯಿಗಳು ಚಟಚಟ ಒಡೆದವು. ಒಬ್ಬ ಹೆಂಗಸು ತಲೆಯೆತ್ತಿ ನೋಡಿ, ಮತ್ತೆ ತನ್ನ ಕೆಲಸಕ್ಕೆ ಬಗ್ಗಿದಳು.

‘ಚೆನ್ನಾಗ್ ಓಡುಸ್ತಿಯ’ ಎಂದೆ. ಅಂದೇ ಹೇಳಬೇಕಾಗಿದ್ದ ಮಾತು.

‘ಗೊತ್ತು’ ಎಂದಳು ದಾಕ್ಷಿ. ಕಣ್ಣು ತುಂಬಿತ್ತು, ಆದರೆ ರಸ್ತೆಯಿಂದ ತೆಗೆಯಲಿಲ್ಲ.

ದೇವಮ್ಮನ ಮಗ ಮನೆಯ ಮುಂದೆಯೇ ಸಿಕ್ಕಿದ. ಅವನಿಗೂ ಈಗ ತಲೆ ನೆರೆತಿದೆ. ದಾಕ್ಷಿ ಕಾರಿನಲ್ಲೇ ಕೂತಿದ್ದಳು. ನಾನು ಬರಿಗಾಲಿನಲ್ಲಿ ಅವನ ಮುಂದೆ ನಿಂತು ಹೇಳಿದೆ. ಎಲ್ಲವನ್ನೂ. ಪಕ್ಕದ ಮನೆಯವರೂ ಬಂದು ನಿಂತರು, ಒಳ್ಳೆಯದೇ ಆಯಿತು. ಕೇಳಿ ಮುಗಿದ ಮೇಲೆ ಅವನು ಜಗುಲಿಯ ಮೇಲೆ ಕೂತ.

‘ಅವ್ವ ಇರೋಗಂಟ ಎಲ್ ಓಗಿದ್ರಿ ಮೇಷ್ಟ್ರೆ?’ ಎಂದ ಕೊನೆಗೆ.

ಆ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಉಳಿದ ದಿನ ಕಳೆಯಬೇಕು, ಕಳೆಯುತ್ತೇನೆ.

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯ ಕಡೆ ನೋಡಿದ.

‘ಯಾರು ಓಡುಸ್ಕಂಡ್ ಬಂದೋರು?’ ಎಂದ.

‘ನನ್ ಮಗಳು’ ಎಂದೆ ನಾನು — ಜನ ಸೇರಿದ್ದ ಕಡೆ, ಗಟ್ಟಿಯಾಗಿ, ಅವಳ ಕಡೆ ಬೆರಳು ಮಾಡಿ.